ಮುದಿ ನಾಯಿಯ ಮೈಮೇಲಿನ ಗಂಟು

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಹತ್ತು ವರ್ಷ. ಪಕ್ಕೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಮೆತ್ತನೆ ಗಂಟಿದೆ, ನೋವಿಲ್ಲ. ಡಾಕ್ಟರು ಸೂಜಿ ಹಾಕಿ ಪರೀಕ್ಷಿಸೋಣ ಅಂತಾರೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಕ್ಯಾನ್ಸರ್ ಆಗುತ್ತದಂತೆ, ನಿಜವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಈ ಮಾತು ಯಾರು ಹುಟ್ಟುಹಾಕಿದರೋ, ಕೇಳಿ ಕೇಳಿ ಸಾಕಾಗಿದೆ. ಸೂಜಿ ಚುಚ್ಚಿದ್ದಕ್ಕೆ ಸಾದಾ ಗಂಟು ಕ್ಯಾನ್ಸರ್ ಆಗುವುದಿಲ್ಲ. ಲಸಿಕೆ ಹಾಕುವಂಥದೇ ತೆಳು ಸೂಜಿ ಅದು. ಒಳಗೆ ನಾಲ್ಕು ಸಲ ಆಡಿಸಿ, ಸಿಕ್ಕಿದ್ದನ್ನು ಗಾಜಿನ ಸ್ಲೈಡ್ ಮೇಲೆ ಚಿಮ್ಮಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಸ್ಲೈಡ್ ಮೇಲಿನ ಹನಿ ಎಣ್ಣೆಯಂತೆ ಹೊಳೆಯುತ್ತ ಒಣಗದೆ ನಿಂತರೆ ಕೊಬ್ಬಿನ ಗಂಟು, ಅಂದರೆ ಲೈಪೋಮಾ, ಎಂದು ಅಲ್ಲೇ ಅರ್ಧ ಧೈರ್ಯ ಬರುತ್ತದೆ. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಇದು ಮಾಮೂಲಿ. ನಿಮ್ಮದೂ ಅದೇ ಇದ್ದೀತು.

ಆದರೆ ಬರೀ ಬೆರಳಿಂದ ಒತ್ತಿ ಅದನ್ನು ಹೇಳಲು ಬರುವುದಿಲ್ಲ, ನನಗೂ ಬರುವುದಿಲ್ಲ. ಮಾಸ್ಟ್ ಸೆಲ್ ಗಡ್ಡೆ ಎಂಬ ಕ್ಯಾನ್ಸರ್ ಕೂಡ ಹೀಗೇ ಮೆತ್ತಗೆ, ಜಾರುವಂತೆ ಇರಬಲ್ಲದು. ಇವತ್ತು ಊದಿ ಮುಂದಿನ ವಾರ ತಾನಾಗಿ ಇಳಿಯುತ್ತದೆ. ಮನೆಯವರು “ಅರಿಶಿನ ಹಚ್ಚಿದೆವು, ಕರಗಿತು” ಎಂದು ನಿಶ್ಚಿಂತರಾಗುತ್ತಾರೆ! ಹಿಚುಕಿದರೆ ಅದರಿಂದ ಹಿಸ್ಟಮಿನ್ ಹೊರಬಿದ್ದು ಸುತ್ತಲೂ ಕೆಂಪಾಗಿ ಊದುತ್ತದೆ, ವಾಂತಿಯೂ ಆಗಬಹುದು. ಆದ್ದರಿಂದ ಸುಣ್ಣ, ಶಾಖ, ದಾರ ಬಿಗಿಯುವುದು ಯಾವುದೂ ಬೇಡ.

ನಾನು ಎಲ್ಲರಿಗೂ ಹೇಳುವುದು ಇಷ್ಟು: 1 ಸೆಂ.ಮೀ. ದಾಟಿದ, ಅಥವಾ ತಿಂಗಳಾದರೂ ಹೋಗದ ಗಂಟಿಗೆ ಸೂಜಿ ಪರೀಕ್ಷೆ ಮಾಡಿಸಿ. ಬೇಗ ಬೆಳೆಯುತ್ತಿದ್ದರೆ, ಹುಣ್ಣಾಗಿ ರಕ್ತ ಜಿನುಗಿದರೆ, ಬುಡ ಅಲುಗಾಡದಿದ್ದರೆ ತಿಂಗಳೂ ಕಾಯಬೇಡಿ. ಸ್ಲೈಡ್ ನೋಡುವವರು ಹತ್ತಿರ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕೊಬ್ಬು ಎಂದು ಖಚಿತವಾಗಿ, ನಡಿಗೆಗೆ ಅಡ್ಡಿಯಿಲ್ಲದಿದ್ದರೆ ಗಂಟು ಹಾಗೇ ಇರಲಿ. ಇನ್ನೊಂದು ಎದ್ದರೆ ಅದಕ್ಕೆ ಬೇರೆ ಸೂಜಿ. ಹಳೆ ರಿಪೋರ್ಟು ಹೊಸ ಗಂಟಿಗೆ ನಡೆಯದು.

ಪ್ರಶ್ನೆ: ಒಂಬತ್ತು ವರ್ಷದ ಹೆಣ್ಣುನಾಯಿ, ಸಂತಾನಹರಣ ಆಪರೇಷನ್ ಮಾಡಿಸಿಲ್ಲ. ಹಿಂದಿನ ಮೊಲೆಯ ಹತ್ತಿರ ಕಡಲೆಕಾಳಿನಷ್ಟು ಗಟ್ಟಿ ಗಂಟು. ಊಟ ಚೆನ್ನಾಗಿ ಮಾಡುತ್ತಾಳೆ. ಕಾದು ನೋಡಬಹುದೇ?
— ಓದುಗರು, ಹಾಸನ

ಉತ್ತರ: ಬೇಡ. ಊಟ ಸೇರುತ್ತಿದೆ ಎಂದರೆ ಗಂಟು ಸಾಧು ಎಂದಲ್ಲ. ಹೆಣ್ಣುನಾಯಿಗಳ ಮೊಲೆಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಕ್ಯಾನ್ಸರ್ ಇರುತ್ತವೆ. ಚಿಕ್ಕದಿದ್ದಾಗ ತೆಗೆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಇಲ್ಲಿ ಸೂಜಿ ಪರೀಕ್ಷೆಯೊಂದನ್ನೇ ನಂಬಲಾಗದು, ಗಂಟು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅದಕ್ಕೂ ಮೊದಲು ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ. ಈ ವಯಸ್ಸಿಗೆ ಅರಿವಳಿಕೆ ತಡೆದಾಳೇ ಎಂಬುದು ಆ ರಕ್ತ ಪರೀಕ್ಷೆಯಿಂದಲೇ ಗೊತ್ತಾಗಬೇಕು, ಪಕ್ಕದ ಮನೆಯವರಿಂದಲ್ಲ. ಇವತ್ತೇ ಅವಳನ್ನು ಅಂಗಾತ ಮಲಗಿಸಿ ಉಳಿದ ಮೊಲೆಗಳನ್ನೂ ಒಂದೊಂದಾಗಿ ತಡವಿ ನೋಡಿ. ಒಂದು ಸಿಕ್ಕಲ್ಲಿ ಇನ್ನೊಂದು ಸಿಗುವುದು ಅಪರೂಪವಲ್ಲ.

ಪ್ರಶ್ನೆ: ನಾಯಿಯ ಕಿವಿ ಬುಡದಲ್ಲಿ ಬೂದು ಬಣ್ಣದ ಗುಳ್ಳೆ ಎದ್ದಿದೆ. ಕ್ಯಾನ್ಸರೇ?
— ಓದುಗರು, ಗದಗ

ಉತ್ತರ: ಟಾರ್ಚ್ ಬಿಟ್ಟು ನೋಡಿ. ಬುಡದಲ್ಲಿ ಕಾಲುಗಳು ಕಂಡರೆ ಅದು ರಕ್ತ ಕುಡಿದು ಉಬ್ಬಿದ ಉಣ್ಣೆ. ಸೀಮೆಎಣ್ಣೆ ಸುರಿಯಬೇಡಿ; ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಆಮೇಲೆ ಜ್ವರ ಬಂದರೆ, ಒಸಡು ಬಿಳಿಚಿದರೆ ರಕ್ತ ಪರೀಕ್ಷೆ ಮಾಡಿಸಿ.