ಆಟದ ತಂತ್ರಾಂಶವು ಪದೇ ಪದೇ ನಿಂತುಹೋದಾಗ: ದೋಷನಿದಾನದ ಕ್ರಮ

ರೋಗಕ್ಕೆ ಮದ್ದು ಕೊಡುವ ಮೊದಲು ನಿದಾನ ನಡೆಯಬೇಕು. ಈ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ. ಹತ್ತಿಯ ಗಿರಣಿಗಳನ್ನೂ ರೈಲ್ವೆ ಕಾರ್ಯಾಗಾರವನ್ನೂ ಕಂಡ ಹುಬ್ಬಳ್ಳಿಗೆ ಯಂತ್ರಗಳ ದುರಸ್ತಿ ಹೊಸದೇನಲ್ಲ. ಆದರೆ ಅವಳಿ ನಗರದ ಮನೆಗಳಲ್ಲಿ ಇಂದು ಕೆಡುವುದು ಅನೇಕ ವೇಳೆ ಕಣ್ಣಿಗೆ ಕಾಣದ ತಂತ್ರಾಂಶ. ಅಮೆರಿಕದ ವಾಲ್ವ್ ಸಂಸ್ಥೆಯು 2003ರ ಸೆಪ್ಟೆಂಬರಿನಲ್ಲಿ ಹೊರತಂದ ‘ಸ್ಟೀಮ್’ ಅಂಥದೊಂದು. ಆಟಗಳನ್ನು ಕೊಳ್ಳಲು, ಇಳಿಸಿಕೊಳ್ಳಲು, ಆಡಲು ಬಳಸುವ ಈ ತಂತ್ರಾಂಶವು ತೆರೆದೊಡನೆ ಮುಚ್ಚಿಕೊಳ್ಳತೊಡಗಿದರೆ ಎಳೆಯರು ಕಂಗೆಡುತ್ತಾರೆ; ಹಿರಿಯರು ಹೊಸ ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ತೆರಲು ಮುಂದಾಗುತ್ತಾರೆ. ನಿದಾನವಿಲ್ಲದೆ ಮಾಡಿದ ವೆಚ್ಚ ವ್ಯರ್ಥವಾಗುವ ಸಂಭವವೇ ಹೆಚ್ಚು.

ಪ್ರಥಮತಃ, ನಿಲ್ಲುತ್ತಿರುವುದು ಯಾವುದೆಂಬುದನ್ನು ಗುರುತಿಸಬೇಕು. ಸ್ಟೀಮ್ ತಾನೇ ಮುಚ್ಚಿಕೊಳ್ಳುವುದೇ, ಒಂದೇ ಆಟವೇ, ಅಥವಾ ಎಲ್ಲ ಆಟಗಳೇ?

ಸ್ಟೀಮ್ ತಾನೇ ನಿಲ್ಲುವುದಾದರೆ ವಿಂಡೋಸಿನ ಆವೃತ್ತಿಯನ್ನು ನೋಡಬೇಕು. ವಿಂಡೋಸ್ 7, 8 ಹಾಗೂ 8.1ಕ್ಕೆ ಸ್ಟೀಮಿನ ಬೆಂಬಲವು 2024ರ ಜನವರಿ 1ರಂದು ಕೊನೆಗೊಂಡಿತು. ಸ್ಟೀಮಿನೊಳಗೆ ಅಡಕವಾಗಿರುವ ಕ್ರೋಮ್ ಬ್ರೌಸರು ಹಳೆಯ ವಿಂಡೋಸಿನಲ್ಲಿ ನಡೆಯದಿರುವುದೇ ಇದಕ್ಕೆ ಕಾರಣ. ಆವೃತ್ತಿ ಸರಿಯಿದ್ದರೆ ಗಣಕವನ್ನು ಮರಳಿ ಆರಂಭಿಸಿ ನೋಡಬೇಕು. ಫಲಿಸದಿದ್ದರೆ ಸ್ಟೀಮನ್ನು ಮರುಸ್ಥಾಪಿಸಬೇಕು. ಆಗ ‘ಸ್ಟೀಮ್‌ಆ್ಯಪ್ಸ್’ ಎಂಬ ಕಡತಕೋಶವನ್ನು ಬೇರೆಡೆ ಕಾಪಾಡಿಕೊಂಡರೆ ಆಟಗಳನ್ನು ಮತ್ತೆ ಇಳಿಸಿಕೊಳ್ಳುವ ಶ್ರಮ ತಪ್ಪುತ್ತದೆ.

ಒಂದೇ ಆಟ ನಿಲ್ಲುವುದಾದರೆ ಅದರ ಕಡತಗಳು ಕೆಟ್ಟಿರಬಹುದು. ಕಡತಗಳನ್ನು ಪರಿಶೀಲಿಸಿ, ಕೆಟ್ಟವನ್ನಷ್ಟೇ ಮತ್ತೆ ತರಿಸುವ ವ್ಯವಸ್ಥೆ ಸ್ಟೀಮಿನಲ್ಲಿಯೇ ಇದೆ. ಎಲ್ಲ ಆಟಗಳೂ ನಿಲ್ಲುವುದಾದರೆ ದೃಷ್ಟಿಯನ್ನು ಯಂತ್ರದ ಕಡೆಗೆ ತಿರುಗಿಸಬೇಕು. ಗ್ರಾಫಿಕ್ಸ್ ಡ್ರೈವರು ಹಳತಾಗಿರಬಹುದು, ಮೆಮೊರಿಯಲ್ಲಿ ದೋಷವಿರಬಹುದು, ಫ್ಯಾನಿನಲ್ಲಿ ಧೂಳು ತುಂಬಿ ಬೇಸಿಗೆಯ ತಾಪದಲ್ಲಿ ಯಂತ್ರವು ಅತಿಯಾಗಿ ಬಿಸಿಯಾಗುತ್ತಿರಬಹುದು.

ತೆರೆಯ ಮೇಲಿನ ಸೂಚನೆಯೇ ಕಾರಣವೆಂದು ನಂಬುವುದು ಸಲ್ಲದು. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳುಳ್ಳ ಕೆಲವು ಗಣಕಗಳಲ್ಲಿ ಆಟಗಳು ನಿಂತಾಗ, ಗ್ರಾಫಿಕ್ಸ್ ಮೆಮೊರಿ ಸಾಲದೆಂಬ ಸೂಚನೆ ಬರುತ್ತಿತ್ತು. ನಿಜವಾದ ದೋಷವಿದ್ದುದು ಪ್ರೊಸೆಸರಿಗೆ ಹರಿಯುವ ವೋಲ್ಟೇಜು ಮಿತಿಮೀರುತ್ತಿದ್ದುದರಲ್ಲಿ. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು, ಬಯಾಸ್ ಮೂಲಕ ಅಳವಡಿಸುವ ತಿದ್ದುಪಡಿಯನ್ನು ನೀಡಿತು. ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಈಗಾಗಲೇ ಹಾನಿಗೊಂಡ ಪ್ರೊಸೆಸರನ್ನು ಮಾತ್ರ ಆ ತಿದ್ದುಪಡಿ ಸರಿಪಡಿಸಲಾರದು. ಸೂಚನೆಯನ್ನು ನಂಬಿ ಹೊಸ ಗ್ರಾಫಿಕ್ಸ್ ಕಾರ್ಡು ಕೊಂಡವರ ಹಣ ಹೋದೀತು, ದೋಷ ಉಳಿದೀತು.

ಆದುದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ ಯಂತ್ರವು ನಡೆದರೂ ಗುಣವಾದುದು ಯಾವುದರಿಂದ ಎಂಬುದು ತಿಳಿಯದು. ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ಕಲಿಸುವ ಕ್ರಮವೂ ಇದೇ. ಆಟದ ನೆಪದಲ್ಲಿ ವಿದ್ಯಾರ್ಥಿಯು ಇದನ್ನು ಮನಗಂಡರೆ, ಕೆಟ್ಟ ಯಂತ್ರವೂ ಒಂದು ಪಾಠವಾದೀತು.