ಎತ್ತರದ ಬಾನೆಟ್ಟಿನೊಳಗೆ ಕಾಂಟೆಸ್ಸಾ ಎಂಜಿನ್

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಓಡಾಡುತ್ತಿದ್ದ ಹಳೆಯ ಮಹೀಂದ್ರ ಜೀಪುಗಳನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಅವುಗಳ ಬಾನೆಟ್ಟು ಮಡ್‌ಗಾರ್ಡಿನಿಂದ ತೀರ ಮೇಲಕ್ಕೆದ್ದು ನಿಂತಿರುತ್ತಿತ್ತು. ಎರಡನೇ ಮಹಾಯುದ್ಧದ ಜೀಪಿಗೆ ಈ ಮುಖ ಇರಲಿಲ್ಲ. ಅದರೊಳಗಿದ್ದ ‘ಗೋ ಡೆವಿಲ್’ ಎಂಜಿನ್ ಗಿಡ್ಡನೆಯದು, ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದವು. ವಿಲ್ಲಿಸ್ ಕಂಪನಿ ಇನ್‌ಟೇಕ್ ವಾಲ್ವುಗಳನ್ನು ಹೆಡ್ಡಿಗೆ ಏರಿಸಿ ‘ಹರಿಕೇನ್’ ಎಂಜಿನ್ ಮಾಡಿತು. ಸಿಸಿ ಮೊದಲಿನಂತೆ 2199 ಆಗಿಯೇ ಉಳಿಯಿತು, ಎತ್ತರ ಮಾತ್ರ ಹೆಚ್ಚಿತು. ಅದನ್ನು ಮುಚ್ಚಲು 1953ರ ಸಿಜೆ-3ಬಿ ಮಾದರಿಗೆ ಬಾನೆಟ್ಟನ್ನೇ ಎತ್ತರಿಸಬೇಕಾಯಿತು. ಒಂದೇ ಕಂಪನಿ, ಒಂದೇ ಬೋರು, ಒಂದೇ ಸ್ಟ್ರೋಕು ಇದ್ದೂ ಗಾಡಿಯ ಮುಖವೇ ಬದಲಾಯಿತು. ಹಾಗಿರುವಾಗ ಬೇರೆ ಕಂಪನಿಯ ಎಂಜಿನ್ ತಂದು ಕೂರಿಸಿದರೆ ಏನೇನು ಬದಲಾಗಬೇಕು ಎನ್ನುವುದು ಸಕ್ರೆಬೈಲಿನ ಹತ್ತಿರದ ನಮ್ಮ ಮನೆಯ ಜೀಪಿನಲ್ಲಿ, 1990ರ ದಶಕದ ಕೊನೆಯಲ್ಲಿ, ಒಂದೊಂದಾಗಿ ಗೊತ್ತಾಯಿತು.

ಆ ಜೀಪಿನ ಹರಿಕೇನ್ ಎರಡು ಸಲ ಬೋರ್ ಹೊಡೆಸಿಕೊಂಡಿತ್ತು, ಆಮೇಲೆ ಸ್ಲೀವನ್ನೂ ಕಂಡಿತ್ತು. ಆಯಿಲ್ ಕುಡಿಯುತ್ತಿತ್ತು. ಮಂಡಗದ್ದೆ ದಾಟುವಷ್ಟರಲ್ಲಿ ಹಿಂದಿನ ಗಾಡಿಯವರು ಹೊಗೆಗೆ ಬೈಯುತ್ತಿದ್ದರು. ಡೀಸೆಲ್ ಹಾಕಿಸಿ ಎಂದವರೇ ಹೆಚ್ಚು. ಮಹೀಂದ್ರ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಎಕ್ಸ್‌ಡಿಪಿ 4.90 ಎಂಬ 2112 ಸಿಸಿ ಡೀಸೆಲ್ ಎಂಜಿನ್ ಜೀಪುಗಳಿಗೆ ಬಂದಿತ್ತು. ಹೆಸರಿನಲ್ಲಿರುವ 4 ಸಿಲಿಂಡರಿನ ಲೆಕ್ಕ, 90 ಮಿಲಿಮೀಟರಿನಲ್ಲಿ ಬೋರಿನ ಅಳತೆ. ಆದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಬ್ಬ ಹಿರಿಯ ಮೆಕ್ಯಾನಿಕ್ ಪೆಟ್ರೋಲ್ ಗಾಡಿ ಪೆಟ್ರೋಲಾಗಿಯೇ ಇರಲಿ, ಕಾಂಟೆಸ್ಸಾದ್ದು ಕೂರಿಸೋಣ ಎಂದರು.

ಕಾಂಟೆಸ್ಸಾ ಹಿಂದೂಸ್ತಾನ್ ಮೋಟಾರ್ಸಿನ ಕಾರು. 1984ರಲ್ಲಿ ಅಂಬಾಸಡರಿನ 1489 ಸಿಸಿ ಬಿಎಂಸಿ ಎಂಜಿನ್ನಿನಿಂದಲೇ ಹೊರಟ ಆ ಭಾರೀ ಕಾರು ಎಳೆಯಲಾರದೆ ಒದ್ದಾಡಿತ್ತು. ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂದ ಮೇಲೆ ಅದಕ್ಕೆ ಜೀವ ಬಂತು. 1990ರ ದಶಕದಲ್ಲಿ ಅದೇ ಎಂಜಿನ್ ಅಂಬಾಸಡರಿಗೂ ಇಳಿಯಿತು. ಅಷ್ಟೇ ಅಲ್ಲ, ಮಹೀಂದ್ರ ಕಂಪನಿಯೇ ‘ಕ್ಲಾಸಿಕ್’ ಎಂಬ ತನ್ನ ಜೀಪಿಗೆ ಪ್ರತಿಸ್ಪರ್ಧಿಯಾದ ಹಿಂದೂಸ್ತಾನ್ ಮೋಟಾರ್ಸಿನಿಂದ ಇಸುಜು 1.8 ಎಂಜಿನ್ ತರಿಸಿಕೊಂಡಿತು. ಗ್ಯಾರೇಜಿನವರಿಗೆ ಇದು ಧೈರ್ಯ ಕೊಟ್ಟ ಸಂಗತಿ. ಕಂಪನಿಯವರೇ ಕೂರಿಸುತ್ತಾರೆ ಎಂದ ಮೇಲೆ ಕೂರುತ್ತದೆ ಎಂದರ್ಥ ತಾನೇ? ಕೂರುತ್ತದೆ, ಅದು ನಿಜ. ಆದರೆ ಕಂಪನಿ ಕೂರಿಸಿದ್ದು ಆ ಎಂಜಿನ್ನಿಗೆ ಹೊಂದುವ ಭಾಗಗಳನ್ನೂ ತಾನೇ ಮಾಡಿಕೊಂಡು. ಇಂಥದ್ದು ಅಮೆರಿಕದಲ್ಲೂ ನಡೆದಿತ್ತು. 1965ರಲ್ಲಿ ಕೈಸರ್ ಜೀಪ್ ಕಂಪನಿ ಸಿಜೆ-5 ಮಾದರಿಗೆ ಬ್ಯೂಕ್‌ನ ವಿ6 ಎಂಜಿನ್ ಹಾಕಿ, ಮುಂದೆ ಅದನ್ನು ತಯಾರಿಸುವ ಯಂತ್ರಸಾಮಗ್ರಿಯನ್ನೇ ಕೊಂಡುಕೊಂಡಿತು. ಶಿವಮೊಗ್ಗದ ಗ್ಯಾರೇಜಿನಲ್ಲಿ ಇದ್ದದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಂದ, ಅಪಘಾತವಾದ ಕಾಂಟೆಸ್ಸಾದ ಒಂದು ಎಂಜಿನ್ ಮತ್ತು ಒಂದು ಚೈನ್‌ಪುಲ್ಲಿ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಎಚ್‌ಪಿ ಎಷ್ಟು ಎಂದು. ಆ ಅಂಕಿಯಿಂದ ಹೆಚ್ಚೇನೂ ತಿಳಿಯದು. ಹರಿಕೇನ್ 4000 ಸುತ್ತಿಗೆ 72 ಎಚ್‌ಪಿ ಕೊಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಇಸುಜು ಅದಕ್ಕಿಂತ ತುಸು ಹೆಚ್ಚು. ಮುಖ್ಯವಾದದ್ದು ಎಳೆತ ಎಲ್ಲಿ ಸಿಗುತ್ತದೆ ಎಂಬುದು. ಹರಿಕೇನ್‌ನ ಸ್ಟ್ರೋಕು 111 ಮಿ.ಮೀ., ಬೋರು 79 ಮಾತ್ರ. ಉದ್ದ ಸ್ಟ್ರೋಕಿನ ಆ ಎಂಜಿನ್ ತನ್ನ ಪೂರ್ತಿ ಎಳೆತವನ್ನು 2000 ಸುತ್ತಿಗೇ ಕೊಟ್ಟುಬಿಡುತ್ತದೆ. ಇಸುಜುವಿನ ಬೋರು 84, ಸ್ಟ್ರೋಕು 82. ಅದು 3000ದ ಸುಮಾರಿಗೆ ಹೋಗದೆ ಪೂರ್ತಿ ಎಳೆಯುವುದಿಲ್ಲ. ಸಕ್ರೆಬೈಲಿನ ಆನೆ ಬಿಡಾರದ ಆಚೆ ತೋಟಕ್ಕೆ ಇಳಿಯುವ ಮಣ್ಣುದಾರಿಯಲ್ಲಿ, ಆಷಾಢದ ಕೆಸರಿನಲ್ಲಿ, ಹಳೆಯ ಎಂಜಿನ್ ಆಕ್ಸಿಲರೇಟರ್ ಮುಟ್ಟದೆಯೇ ಹತ್ತುತ್ತಿತ್ತು. ಹೊಸದು ಹತ್ತಬೇಕಾದರೆ ಗೇರು ಇಳಿಸಿ ಸುತ್ತು ಏರಿಸಬೇಕು. ನಲವತ್ತು ದಾಟಿದ ಚಾಲಕರ ಕಾಲುಗಳಿಗೆ ಇದನ್ನು ಕಲಿಸುವುದು ಸುಲಭವಲ್ಲ. ಎಂಜಿನ್ ಸರಿಯಿಲ್ಲ ಎಂದೇ ಮನೆಯಲ್ಲಿ ಎಲ್ಲರೂ ಮೊದಲು ತೀರ್ಮಾನಿಸಿದರು.

ಜೀಪನ್ನು ಉಳಿಸಿದ್ದು ಅದರ ಹಲ್ಲಿನ ಲೆಕ್ಕ. ಆಕ್ಸಲ್ಲಿನ ಅನುಪಾತ 5.38, ಟ್ರಾನ್ಸ್‌ಫರ್ ಕೇಸಿನ ‘ಲೋ’ ಇನ್ನೂ 2.46 ಪಟ್ಟು. ಹೀಗಾಗಿ ಸಣ್ಣ ಎಂಜಿನ್ನಿಗೂ ಚಕ್ರದ ಬುಡದಲ್ಲಿ ಸಾಕಷ್ಟು ಬಲ ಸಿಗುತ್ತದೆ. ಇದೇ ಲೆಕ್ಕ ಹೆದ್ದಾರಿಯಲ್ಲಿ ಇನ್ನೊಂದು ಬಗೆಯಲ್ಲಿ ಕೈಹಿಡಿಯಿತು. ಟಾಪ್ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ಹೋಗಬೇಕಾದರೆ ಜೀಪಿನ ಎಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗಬೇಕು. ಆ ವೇಗದಲ್ಲಿ ಹರಿಕೇನ್‌ನ ಪಿಸ್ಟನ್ ನಿಮಿಷಕ್ಕೆ 710 ಮೀಟರಿನಷ್ಟು ದೂರ ಮೇಲೆ ಕೆಳಗೆ ಓಡುತ್ತದೆ, ಇಸುಜುವಿನದು ಸುಮಾರು 525 ಮೀಟರ್ ಮಾತ್ರ. ಹಳೆಯ ಎಂಜಿನ್ 60 ದಾಟಿದರೆ ಕಿರುಚುತ್ತಿದ್ದದ್ದು, ಹೊಸದು 80ರಲ್ಲೂ ನೆಮ್ಮದಿಯಾಗಿದ್ದದ್ದು ಈ ಕಾರಣಕ್ಕೆ.

ಇನ್ನು ಕೂರಿಸುವ ಕೆಲಸ. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನನ್ನು ಮೊದಲು ಚಾಸಿಗೆ ಇಳಿಸಿ, ಬಾನೆಟ್ಟಿನೊಳಗೆ ಚೆಂದ ಕಾಣುವ ಜಾಗ ನೋಡಿ, ಬ್ರಾಕೆಟ್ ವೆಲ್ಡ್ ಮಾಡಿ, ಆಮೇಲೆ ಗೇರ್‌ಬಾಕ್ಸನ್ನು ಎಳೆದು ಜೋಡಿಸುತ್ತಾರೆ. ಜೀಪಿನಲ್ಲಿ ಈ ಕ್ರಮ ನಡೆಯುವುದಿಲ್ಲ. ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿದೆ. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ ಹೋಗುತ್ತವೆ. ಗೇರ್‌ಬಾಕ್ಸು ಒಂದಿಂಚು ಸರಿದರೆ ಎರಡೂ ಶಾಫ್ಟಿನ ಉದ್ದ, ಎರಡೂ ಕಡೆಯ ಜಾಯಿಂಟುಗಳ ಕೋನ, ಗೇರ್ ಲಿವರಿನ ತೂತು ಎಲ್ಲವೂ ತಪ್ಪುತ್ತವೆ. ನಮ್ಮ ಮೆಕ್ಯಾನಿಕ್ ಗೇರ್‌ಬಾಕ್ಸನ್ನು ಅದರ ಹಳೆಯ ಜಾಗದಿಂದ ಅಲುಗಿಸಲೇ ಇಲ್ಲ. ಎಂಜಿನ್ನೇ ಅದರ ಹತ್ತಿರ ಬರಲಿ ಎಂದರು. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ತೀರ್ಮಾನ ಇದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇಸುಜುವಿನ ಬೆನ್ನಿನ ಬೋಲ್ಟುಗಳ ಜಾಗವೇ ಬೇರೆ, ಜೀಪಿನ ಬೆಲ್ ಹೌಸಿಂಗಿನ ತೂತುಗಳೇ ಬೇರೆ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದಕ್ಕಾಗಿ ಭದ್ರಾವತಿಗೆ ಹೋದದ್ದು ಸುಮ್ಮನೆ ಅಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ, 1923ರಿಂದ ಮಲೆನಾಡಿನ ಕಟ್ಟಿಗೆಯ ಇದ್ದಲಿನಲ್ಲಿ ಕಬ್ಬಿಣ ಕರಗಿಸಿದ ಕಾರ್ಖಾನೆ, ಇಂದಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಊರಿಗೆ ಕೊಟ್ಟದ್ದು ಸಂಬಳವನ್ನಷ್ಟೇ ಅಲ್ಲ. ಅಳೆಯುವ ಕೈಗಳನ್ನೂ ಕೊಟ್ಟಿತು. ಅಲ್ಲಿ ದುಡಿದು ನಿವೃತ್ತರಾದ ಒಬ್ಬ ಟರ್ನರ್ ತಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿದ್ದರು. ಪ್ಲೇಟ್ ಕತ್ತರಿಸುವ ಮಾತನ್ನು ಅವರು ಎತ್ತಲಿಲ್ಲ. ಮೊದಲು ಎಂಜಿನ್, ಫ್ಲೈವೀಲ್, ಬೆಲ್ ಹೌಸಿಂಗ್, ಕ್ಲಚ್ ಪ್ಲೇಟ್ ಎಲ್ಲವನ್ನೂ ತಂದಿಡಿ ಎಂದರು.

ಅವರು ಹೇಳಿಕೊಟ್ಟದ್ದು ಪುಸ್ತಕದ ಪಾಠಕ್ಕೆ ಕಡಿಮೆಯಿಲ್ಲ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಪುಟ್ಟ ಬುಷ್‌ನೊಳಗೆ ಕೂತು ತಿರುಗಬೇಕು. ಪ್ಲೇಟ್ ದಪ್ಪಗಾದರೆ ಆ ತುದಿ ಬುಷ್ ಮುಟ್ಟುವುದಿಲ್ಲ, ತೆಳ್ಳಗಾದರೆ ಕ್ರ್ಯಾಂಕಿಗೇ ಒತ್ತುತ್ತದೆ. ಬುಷ್‌ನ ಹೊರ ಅಳತೆ ಇಸುಜುವಿನದು, ಒಳ ಅಳತೆ ಜೀಪಿನದು. ಹಾಗಾಗಿ ಹಿತ್ತಾಳೆಯದನ್ನು ಹೊಸದಾಗಿಯೇ ತಿರುಗಿಸಬೇಕು. ಕ್ಲಚ್ ಪ್ಲೇಟಿನ ಒಳಹಲ್ಲು ಗೇರ್‌ಬಾಕ್ಸಿಗೆ ಹೊಂದಬೇಕು, ಹೊರ ವ್ಯಾಸ ಫ್ಲೈವೀಲಿಗೆ ಹೊಂದಬೇಕು. ಎಲ್ಲಕ್ಕಿಂತ ದೊಡ್ಡದು ಸೆಂಟರ್. ಕ್ರ್ಯಾಂಕಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಬೆಲ್ ಹೌಸಿಂಗಿನ ತೂತಿನ ಅಂಚಿನಲ್ಲಿ ಸುತ್ತಿಸಿ ನೋಡಿದರೆ ಮುಳ್ಳು ಐದು ‘ಥೌ’ ದಾಟಬಾರದು, ಅಂದರೆ ಇಂಚಿನ ಸಾವಿರದಲ್ಲಿ ಐದು ಭಾಗ, ಮಿಲಿಮೀಟರಿನಲ್ಲಿ 0.13. ಬೋಲ್ಟ್ ತೂತು ಯಾವಾಗಲೂ ಬೋಲ್ಟಿಗಿಂತ ಸಡಿಲ, ಅದರ ಭರವಸೆಯ ಮೇಲೆ ಸೆಂಟರ್ ನಿಲ್ಲುವುದಿಲ್ಲ, ಡೌಲ್ ಪಿನ್ನು ಬೇಕೇ ಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಾಗಿರಲಿಲ್ಲ. ಪಕ್ಕದೂರಿನ ಒಂದು ಜೀಪಿಗೆ ಬೇರೊಂದು ಕಡೆ ಇದೇ ಎಂಜಿನ್ನನ್ನು ಗ್ಯಾಸ್ ಕಟ್ಟರಿನಲ್ಲಿ ಕೊಯ್ದ ಪ್ಲೇಟಿನ ಮೇಲೆ ಕೂರಿಸಿದ್ದರು. ಮೊದಲ ದಿನ ಚೆನ್ನಾಗಿಯೇ ಓಡಿತು. ಆಮೇಲೆ ಟಾಪ್ ಗೇರು ತಾನಾಗಿ ಜಾರತೊಡಗಿತು, ಕ್ಲಚ್ ಅರಚತೊಡಗಿತು. ಮಾಲೀಕರು ಗೇರ್‌ಬಾಕ್ಸ್ ಬಿಚ್ಚಿಸಿದರು, ಸಿಂಕ್ರೊ ಬದಲಿಸಿದರು, ಬೇರಿಂಗ್ ಬದಲಿಸಿದರು. ದೋಷ ಗೇರ್‌ಬಾಕ್ಸಿನದ್ದಾಗಿರಲಿಲ್ಲ. ಓರೆಯಾಗಿ ನಿಂತ ಎಂಜಿನ್ ಪ್ರತಿ ಸುತ್ತಿಗೂ ಇನ್‌ಪುಟ್ ಶಾಫ್ಟನ್ನು ಬಾಗಿಸುತ್ತಿತ್ತು.

ಮೌಂಟಿಂಗುಗಳದ್ದು ಇನ್ನೊಂದು ಕಥೆ. ಹರಿಕೇನ್ ತನ್ನ ಮುಂದಿನ ಪ್ಲೇಟಿನ ಮೇಲೆ ಕೂರುತ್ತದೆ, ಹಿಂದಿನ ಭಾರ ಗೇರ್‌ಬಾಕ್ಸಿನ ಕೆಳಗಿನ ಕ್ರಾಸ್ ಮೆಂಬರಿನ ಮೇಲೆ. ಇಸುಜು ಬ್ಲಾಕಿನ ಪಕ್ಕೆಗಳ ಮೇಲೆ ಕೂರುವ ಎಂಜಿನ್. ಹಾಗಾಗಿ ಚಾಸಿಗೆ ಹೊಸ ಬ್ರಾಕೆಟ್ ಬೇಕಾಯಿತು. ಎಂಜಿನ್ ಜೋಡಣೆಯಾಗಿ ಚೈನ್‌ಪುಲ್ಲಿಯಲ್ಲೇ ತೂಗುತ್ತಿದ್ದಾಗ, ರಬ್ಬರಿನ ಮೇಲೆ ಭಾರ ಬೀಳುವ ಮೊದಲು, ಬ್ರಾಕೆಟ್ ಅಳತೆ ತೆಗೆಯಲಾಯಿತು. ಮುಂದಿನ ಆಕ್ಸಲ್ ಗುಂಡಿಯಲ್ಲಿ ಮೇಲೆದ್ದಾಗ ಸಂಪ್‌ಗೆ ತಾಗದಂತೆ ಜಾಗ ಬಿಡಬೇಕು. ಕಾರಿನ ಸಂಪ್ ಜೀಪಿನ ಆಕ್ಸಲ್ಲನ್ನು ಎಂದೂ ಕಂಡಿರಲಿಲ್ಲ, ಅದನ್ನು ಕೊಯ್ದು ಮರುಬೆಸುಗೆ ಹಾಕಿದ್ದಾಯಿತು. ಆಕ್ಸಿಲರೇಟರ್ ಕೇಬಲ್, ಕ್ಲಚ್ಚಿನ ಎಳೆತ, ಸೈಲೆನ್ಸರ್ ಪೈಪು ಇವೆಲ್ಲ ಸಣ್ಣ ಕೆಲಸಗಳು, ಆದರೆ ಸಮಯ ತಿಂದವು.

ರೇಡಿಯೇಟರಿನ ವಿಷಯ ಮಾತ್ರ ಸಣ್ಣದಲ್ಲ. ಓಡುವಾಗ ಗಾಳಿ ಸಾಕಷ್ಟಿತ್ತು. ಬೆಳಗ್ಗೆ ಮಾವುತರು ಆನೆಗಳನ್ನು ಶೆಟ್ಟಿಹಳ್ಳಿ ಕಾಡಿನ ಕಡೆಯಿಂದ ಬಿಡಾರಕ್ಕೆ ಕರೆತರುವಾಗ ಗಾಡಿ ನಿಲ್ಲಿಸಿ ಕಾಯಬೇಕು. ಆಗ ಎಂಜಿನ್ ಐಡಲಿಂಗಿನಲ್ಲೇ ಬಿಸಿಯೇರುತ್ತಿತ್ತು. ಕಾರಣ ಹೊಸ ಫ್ಯಾನು ರೇಡಿಯೇಟರಿನಿಂದ ದೂರ ಉಳಿದದ್ದು, ಅದರ ಸುತ್ತ ಕವಚ ಇಲ್ಲದ್ದು. ತಗಡಿನ ಕವಚ ಹಾಕಿಸಿದ ಮೇಲೆ ಮುಳ್ಳು ಇಳಿಯಿತು. ಅಲ್ಲಿಯವರೆಗೆ ಆ ಮುಳ್ಳನ್ನೂ ನಂಬುವಂತಿರಲಿಲ್ಲ, ಏಕೆಂದರೆ ಜೀಪಿನ ಮೀಟರಿಗೆ ಕಾಂಟೆಸ್ಸಾದ ಸೆನ್ಸರ್ ಜೋಡಿಸಿದರೆ ತೋರುವ ಅಂಕಿಗೆ ಅರ್ಥವಿಲ್ಲ. ಮೀಟರ್ ಮತ್ತು ಸೆನ್ಸರ್ ಒಂದೇ ಗಾಡಿಯವಾಗಿರಬೇಕು. ಆಯಿಲ್ ಒತ್ತಡಕ್ಕೂ ಇದೇ ಮಾತು.

ಕಾಗದಪತ್ರದ ಕೆಲಸವನ್ನು ನಮ್ಮ ಮೆಕ್ಯಾನಿಕ್ ಎಂಜಿನ್ ತರುವ ಮೊದಲೇ ಮಾಡಿಸಿದ್ದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆಗ ಆರ್‌ಟಿಒಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದು ಬದಲಾವಣೆ ಮಾಡಲು ಬಿಡುತ್ತಿತ್ತು. 2000ದ ತಿದ್ದುಪಡಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದಾಯಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಇಂಧನ ಬದಲಾವಣೆಗೆ ಮಾತ್ರ ಷರತ್ತಿನ ಮೇಲೆ ಅವಕಾಶ ಉಳಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಸೇರಿತು. ನಮ್ಮ ಜೀಪಿಗೆ ಅಂದು ಮಾಡಿದ್ದನ್ನು ಇಂದು ಯಾರಾದರೂ ಮಾಡಹೊರಟರೆ ಬೇಡ ಎಂದೇ ಹೇಳುತ್ತೇನೆ.

ಆದರೂ ಬೇರೆ ಗಾಡಿಯ ಎಂಜಿನ್ ಕೂರಿಸುವ ಪ್ರಶ್ನೆ ಬೇರೆ ರೂಪದಲ್ಲಿ ಈಗಲೂ ಬರುತ್ತದೆ. ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟಿನಲ್ಲಿ ಡಿಡಿಐಎಸ್ ಆಯಿತು, ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಆಯಿತು. ಬೋರು 69.6, ಸ್ಟ್ರೋಕು 82, ಎಲ್ಲದರಲ್ಲೂ ಒಂದೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದು ಅದು ಹೊಸ ಕಾರುಗಳಿಂದ ಮರೆಯಾದ ಮೇಲೆ, ಸ್ವಿಫ್ಟಿನದನ್ನು ವಿಸ್ಟಾಕ್ಕೆ ಹಾಕಬಹುದಲ್ಲ ಎಂದು ಕೇಳುವವರು ಇದ್ದಾರೆ. ಬ್ಲಾಕ್ ಒಂದೇ ಇದ್ದರೂ ಟರ್ಬೊ, ಮೌಂಟಿಂಗ್, ವೈರಿಂಗ್ ಒಂದೇ ಇರಬೇಕೆಂದಿಲ್ಲ. ಲೇತ್ ಇರುವವರು ಪ್ಲೇಟ್ ತಿರುಗಿಸಿಕೊಟ್ಟಾರು. ಆದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಮತ್ತು ಕೀಲಿಯೊಳಗಿನ ಇಮ್ಮೊಬಿಲೈಸರ್ ಚಿಪ್ ಒಂದನ್ನೊಂದು ಗುರುತಿಸದಿದ್ದರೆ ಗಾಡಿ ಸ್ಟಾರ್ಟೇ ಆಗದು, ಇಂಜೆಕ್ಟರಿನ ಮೈಮೇಲಿನ ಕೋಡನ್ನು ಇಸಿಯುಗೆ ಬರೆಯದಿದ್ದರೆ ಡೀಸೆಲಿನ ಅಳತೆ ತಪ್ಪುತ್ತದೆ. ಅಂಥ ಕಾರಿಗೆ ಹುಡುಕಬೇಕಾದದ್ದು ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್. ಮಾರಾಟದ ರಸೀದಿಯಲ್ಲಿ ಎಂಜಿನ್ ನಂಬರು ಸ್ಪಷ್ಟವಾಗಿರಬೇಕು, ಆ ನಂಬರು ಆರ್‌ಸಿಗೂ ವಿಮೆಗೂ ಏರುವವರೆಗೆ ಗಾಡಿ ರಸ್ತೆಗೆ ಇಳಿಯಬಾರದು.