ಹಿದುಕಿದ ಬೇಳೆ ಸಾರಿಗೆ ರಾಗಿ ಒತ್ತು ಶಾವಿಗೆ

ಚೇಳೂರು ಎಂದರೆ ಹೊರಗಿನವರಿಗೆ ಹಲಸು ನೆನಪಾಗುತ್ತದೆ. ಆದರೆ ಧನುರ್ಮಾಸದ ಚಳಿಯಲ್ಲಿ ಗುಬ್ಬಿ ಸೀಮೆಯ ಅಡುಗೆಮನೆಗಳಲ್ಲಿ ಅವರೆಯದೇ ದರ್ಬಾರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ, ಹುಚ್ಚೆಳ್ಳಿನ ಜೊತೆ ಬೆಳೆಯುವ ನಾಟಿ ಅವರೆ, ಹಗಲು ಚಿಕ್ಕದಾದ ಮೇಲಷ್ಟೇ ಹೂ ಬಿಡುತ್ತದೆ. ರಾಗಿ ಕೊಯ್ದ ಮೇಲೂ ಹೊಲದಲ್ಲೇ ನಿಂತು, ಇಬ್ಬನಿ ಕುಡಿದು ಕಾಯಿ ಕಟ್ಟುತ್ತದೆ. ಒಂದೇ ಹೊಲದ ಆ ಎರಡು ಬೆಳೆ ಒಂದೇ ತಟ್ಟೆಯಲ್ಲಿ ಸೇರುವ ಊಟ ಇದು. ದಿನವೂ ಮುದ್ದೆ ಇದ್ದದ್ದೇ. ನೆಂಟರು ಬಂದಾಗ ಶಾವಿಗೆ ಒತ್ತಿ.

ಇಟಲಿಯವರೂ ಕಾಳಿನ ಗಟ್ಟಿ ಸಾರಿಗೆ ಪಾಸ್ತಾ ಹಾಕಿ ಬೇಯಿಸುತ್ತಾರೆ. ಗೋಧಿಗೆ ಅಂಟಿನ ಗುಣವಿರುವುದರಿಂದ ಪಾಸ್ತಾ ಕುದಿತವನ್ನು ತಡೆದುಕೊಳ್ಳುತ್ತದೆ. ರಾಗಿಗೆ ಆ ಗುಣವಿಲ್ಲ. ಕುದಿಯುವ ಸಾರಿಗೆ ಹಾಕಿದರೆ ಶಾವಿಗೆಯ ಎಳೆ ಬಿಟ್ಟುಕೊಂಡು ಅಂಬಲಿಯಾಗುತ್ತದೆ. ಆದ್ದರಿಂದ ಸಾರು ಬೇರೆ, ಶಾವಿಗೆ ಬೇರೆ. ಎರಡೂ ಸೇರುವುದು ತಟ್ಟೆಯಲ್ಲೇ.

ಬೇಕಾಗುವ ಸಾಮಗ್ರಿ (ನಾಲ್ವರಿಗೆ)

ಸಾರಿಗೆ: ಬಿಡಿಸಿದ ಅವರೆಕಾಳು 2 ಕಪ್ (ಸುಮಾರು 1 ಕೆ.ಜಿ. ಕಾಯಿ ಬೇಕು), ಈರುಳ್ಳಿ 2, ಟೊಮೆಟೊ 1, ಸಾಸಿವೆ, ಕರಿಬೇವು, ಅರಿಶಿನ, ಎಣ್ಣೆ, ಉಪ್ಪು.

ರುಬ್ಬಲು: ತೆಂಗಿನಕಾಯಿ ತುರಿ ಅರ್ಧ ಕಪ್, ಒಣಮೆಣಸಿನಕಾಯಿ 6, ಧನಿಯಾ 2 ಚಮಚ, ಬೆಳ್ಳುಳ್ಳಿ 8 ಎಸಳು, ಶುಂಠಿ 1 ಇಂಚು, ಚಕ್ಕೆ ಒಂದು ತುಂಡು, ಲವಂಗ 3, ಗಸಗಸೆ 1 ಚಮಚ, ಹುರಿಗಡಲೆ 1 ಚಮಚ, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಶಾವಿಗೆಗೆ: ರಾಗಿ ಹಿಟ್ಟು ಒಂದೂವರೆ ಕಪ್, ಅಕ್ಕಿ ಹಿಟ್ಟು ಅರ್ಧ ಕಪ್, ನೀರು ಎರಡೂವರೆ ಕಪ್, ಉಪ್ಪು, ಎಣ್ಣೆ 1 ಚಮಚ.

ಮಾಡುವ ವಿಧಾನ

1. ಕಾಳು ತುಂಬಿ ಉಬ್ಬಿದ, ಮುಟ್ಟಿದರೆ ಕೈಗೆ ಸೊಗಡು ಅಂಟುವ ಕಾಯಿಯನ್ನೇ ಆರಿಸಿ. ಬಿಡಿಸಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ.

2. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿದುಕಿ. ಬೇಳೆ ಚಿಮ್ಮಿ ದೂರ ಹಾರದಂತೆ ಬೆರಳನ್ನು ಪಾತ್ರೆಯೊಳಗೆ ಬಾಗಿಸಿಕೊಳ್ಳಿ. ನಾಲ್ಕು ಕೈ ಕೂಡಿದರೆ ಕೆಲಸ ಬೇಗ ಮುಗಿಯುತ್ತದೆ. ಸಿಪ್ಪೆ ದನಗಳಿಗೆ ಹಾಕಿ.

3. ಸ್ವಲ್ಪ ಎಣ್ಣೆಯಲ್ಲಿ ಒಂದು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಧನಿಯಾ, ಚಕ್ಕೆ, ಲವಂಗ ಹುರಿಯಿರಿ. ಆರಿದ ಮೇಲೆ ಉಳಿದ ಸಾಮಗ್ರಿ ಸೇರಿಸಿ ನುಣ್ಣಗೆ ರುಬ್ಬಿ.

4. ಸಾಸಿವೆ, ಕರಿಬೇವಿನ ಒಗ್ಗರಣೆಗೆ ಇನ್ನೊಂದು ಈರುಳ್ಳಿ, ಟೊಮೆಟೊ ಹೆಚ್ಚಿ ಹಾಕಿ ಬಾಡಿಸಿ. ಬೇಳೆ, ಅರಿಶಿನ ಸೇರಿಸಿ, ಮೂರು ಕಪ್ ನೀರು ಹಾಕಿ ಬೇಯಿಸಿ. ಕುಕ್ಕರ್ ಬೇಡ, ಹಿದುಕಿದ ಬೇಳೆ ಬಹುಬೇಗ ಬೇಯುತ್ತದೆ, ಒಂದು ವಿಷಲ್‌ಗೇ ಕರಗಿಬಿಡಬಹುದು. ಬೆರಳಲ್ಲಿ ಒತ್ತಿದರೆ ಮೆತ್ತಗಾಗುವಷ್ಟು ಬೆಂದ ಮೇಲೆ ಮಸಾಲೆ, ಉಪ್ಪು ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಹುರಿಗಡಲೆ, ಗಸಗಸೆ ಇರುವುದರಿಂದ ಸಾರು ಆರುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಇಳಿಸುವಾಗ ಸ್ವಲ್ಪ ತೆಳ್ಳಗಿರಲಿ.

5. ಸಾರು ಇಳಿಸಿದ ಮೇಲೆ ಶಾವಿಗೆಗೆ ಕೈಹಾಕಿ. ನೀರು, ಉಪ್ಪು, ಎಣ್ಣೆ ಕುದಿಸಿ, ಎರಡೂ ಹಿಟ್ಟು ಸುರಿದು, ಉರಿ ತಗ್ಗಿಸಿ ಮುಚ್ಚಿಡಿ. ಐದು ನಿಮಿಷದ ನಂತರ ಗಂಟಿಲ್ಲದಂತೆ ಚೆನ್ನಾಗಿ ಗೊಟಾಯಿಸಿ. ತೀರಾ ಒಣಗಿದೆ ಎನಿಸಿದರೆ ಬಿಸಿನೀರು ಚಿಮುಕಿಸಿ. ಒದ್ದೆ ಕೈಯಲ್ಲಿ ನಾದಿ ಉಂಡೆ ಕಟ್ಟಿ.

6. ಉಂಡೆಗಳನ್ನು ಇಡ್ಲಿ ಪಾತ್ರೆಯಲ್ಲಿ 15ರಿಂದ 20 ನಿಮಿಷ ಹಬೆಯಲ್ಲಿ ಬೇಯಿಸಿ.

7. ಶಾವಿಗೆ ಒರಳಿನ ಒಳಗೆ ಎಣ್ಣೆ ಸವರಿ, ಉಂಡೆ ಬಿಸಿಯಿರುವಾಗಲೇ ಒತ್ತಿ. ಆರಿದ ಉಂಡೆ ಒತ್ತಲು ಬಲು ಕಷ್ಟ, ಎಳೆಯೂ ತುಂಡಾಗುತ್ತದೆ. ಉಳಿದ ಉಂಡೆಗಳು ಪಾತ್ರೆಯೊಳಗೇ ಮುಚ್ಚಿಕೊಂಡಿರಲಿ.

8. ತಟ್ಟೆಗೆ ಶಾವಿಗೆ ಹಾಕಿ, ಮೇಲೆ ಬಿಸಿ ಸಾರು ಧಾರಾಳವಾಗಿ ಬಿಡಿ. ಒಂದು ಚಮಚ ತುಪ್ಪ, ಬೇಕಿದ್ದರೆ ನಿಂಬೆರಸ.

ನೆನಪಿಡಿ

• ಒಣ ಅವರೆಕಾಳು ಬಳಸುವುದಾದರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಮೆತ್ತಗಾಗುವಂತೆ ಬೇಯಿಸಿ. ಅರೆಬೆಂದ ಒಣ ಅವರೆ ಹೊಟ್ಟೆಗೆ ಒಳ್ಳೆಯದಲ್ಲ.

• ಹಿದುಕಲು ಪುರುಸೊತ್ತಿಲ್ಲವೇ? ಹಸಿ ಕಾಳನ್ನೇ ಹಾಕಿ. ಬೇಯಲು ಹೆಚ್ಚು ಹೊತ್ತು ಬೇಕು, ರುಚಿಗೆ ಮೋಸವಿಲ್ಲ.

• ಉಳಿದ ಶಾವಿಗೆಯನ್ನು ಮಾರನೆಯ ಬೆಳಿಗ್ಗೆ ಉದುರಿಸಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ತಿಂಡಿಯಾಯಿತು.

• ಬೇಸಿಗೆಯಲ್ಲಿ ಸೊಗಡಿನ ಅವರೆ ಇರುವುದಿಲ್ಲ, ಚೇಳೂರಿನ ಹಲಸು ಇರುತ್ತದೆ. ತೊಳೆ ತಿಂದ ಮೇಲೆ ಬೀಜ ಎಸೆಯಬೇಡಿ. ಬಿಳಿ ಸಿಪ್ಪೆ ಸುಲಿದು, ಕಂದು ಪೊರೆ ಹೆರೆದು, ಎರಡು ಹೋಳು ಮಾಡಿ, ನೆನೆಸಿದ ಒಣ ಕಾಳಿನ ಜೊತೆ ಬೇಯಿಸಿ. ಮಸಾಲೆ ಇದೇ, ಶಾವಿಗೆಯೂ ಇದೇ.